ಸಂತೆಯೋ, ಸಂತಿಯೋ?

‘ಓದು’ ಎಂಬ ಕ್ರಿಯಾಪದದಷ್ಟು ಸಾಧುವಾಗಿ ಕಾಣಿಸಿ, ಅಷ್ಟೇ ಪೇಚಿಗೆ ಸಿಲುಕಿಸುವ ಇನ್ನೊಂದು ಪದ ಕನ್ನಡದಲ್ಲಿ ಇರಲಾರದು. ಹದಿನೈದರ ಹುಡುಗಿ ‘ಓದಾಕತ್ತೀನಿ’ ಎಂದರೆ ಮನೆಮಂದಿಯೆಲ್ಲ ಹಿಗ್ಗುತ್ತಾರೆ. ಐವತ್ತೊಂದರ ಶಾಲಾ ಶಿಕ್ಷಕಿ ಅದೇ ಮಾತನ್ನಾಡಿದರೆ ಎದುರಿಗಿದ್ದವರು ಒಂದು ಗಳಿಗೆ ತಡೆದು, ಬಡ್ತಿಗಾಗಿಯೋ ಇಲಾಖೆಯ ಪರೀಕ್ಷೆಗಾಗಿಯೋ ಎಂದು ವಿಚಾರಿಸುತ್ತಾರೆ. ಎರಡಕ್ಕೂ ಅಲ್ಲ, ‘ಓದುವುದು ಹೇಗೆ’ ಎಂಬುದನ್ನೇ ಓದುತ್ತಿದ್ದೇನೆ ಎಂದು ನಾನು ವಿವರಿಸಿದಾಗಲಂತೂ, ಓದುಗರೇ, ಅವರ ಮುಖದ ಮೇಲೆ ಮೂಡುವ ಕರುಣೆಯನ್ನು ನೀವು ನೋಡಬೇಕು.

ನಮ್ಮ ಮುಖ್ಯಗುರುಗಳು ಹಾಜರಿ ಪುಸ್ತಕದಿಂದ ತಲೆಯೆತ್ತಿ, “ಇಪ್ಪತ್ತೇಳು ವರ್ಷ ಕಲ್ಸೀರಿ, ಈಗ ಓದಾಕ ಕಲಿಯಾಕತ್ತೀರೇನ್ರಿ?” ಎಂದರು. ನಮ್ಮ ಮನೆಯವರು ಅವರಿಗಿಂತ ಒಂದು ಹೆಜ್ಜೆ ಮುಂದೆ ಹೋಗಿ, “ನಿನಗ ಓದಾಕ ಬರೂದಿಲ್ಲಂತ ಇಷ್ಟ ದಿನಾ ನನಗ ಗೊತ್ತ ಇರ್ಲಿಲ್ಲ ನೋಡು” ಎಂದು ಪತ್ರಿಕೆಯ ಹಿಂದೆ ಅಂತರ್ಧಾನರಾದರು.

ಸಂಗತಿ ಇಷ್ಟೇ. ನೌಕರಿಯಲ್ಲಿರುವ ಅನುಭವಿ ಶಿಕ್ಷಕರಿಗಾಗಿಯೇ ಒಂದು ವಿಶ್ವವಿದ್ಯಾಲಯ ಆನ್‌ಲೈನಿನಲ್ಲಿ ಸ್ನಾತಕೋತ್ತರ ತರಗತಿ ನಡೆಸುತ್ತದೆ; ವಿಷಯ ‘ವಾಚನ ಮತ್ತು ಸಾಕ್ಷರತೆ’. ಕುಂದಗೋಳದ ನಮ್ಮ ಮನೆಯಲ್ಲಿ ನೆಟ್‌ವರ್ಕು ಮಾಳಿಗೆಯ ನೀರಿನ ಟಾಕಿಯ ಬಾಜೂಕ ಮಾತ್ರ ಬರುವುದರಿಂದ, ಪ್ರತಿ ರವಿವಾರ ಬೆಳಿಗ್ಗೆ ಹತ್ತಕ್ಕೆ ನಾನು ಒಂದು ಕೈಯಲ್ಲಿ ಲ್ಯಾಪ್‌ಟಾಪು, ಇನ್ನೊಂದು ಕೈಯಲ್ಲಿ ಛತ್ರಿ ಹಿಡಿದು ಮೇಲೇರುತ್ತಿದ್ದೆ. ಪಾಠ ಹೇಳುವ ಮೇಡಂ ವಯಸ್ಸಿನಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯಾಗಿರಬಹುದಾದಷ್ಟು ಚಿಕ್ಕವರು, ತಾಳ್ಮೆಯಲ್ಲಿ ನನ್ನ ಅಜ್ಜಿಯಾಗಿರಬಹುದಾದಷ್ಟು ದೊಡ್ಡವರು.

ಮೊದಲ ವಾರ ಅವರು, ಮಗು ಅಕ್ಷರಕ್ಕೂ ಧ್ವನಿಗೂ ಇರುವ ನಂಟನ್ನು ಮೊದಲು ಹಿಡಿಯಬೇಕು ಎಂದರು. ಇಪ್ಪತ್ತೇಳು ವರ್ಷ ನಾನು ಮಾಡಿಕೊಂಡು ಬಂದದ್ದೂ ಅದನ್ನೇ ಆದ್ದರಿಂದ ಪರಮಾನಂದವಾಯಿತು. ಮೂರನೆಯ ವಾರ, ಮಗು ಹುಡುಕುವುದು ಅರ್ಥವನ್ನು, ಅಕ್ಷರ ಅದಕ್ಕೊಂದು ಊರುಗೋಲು ಮಾತ್ರ ಎನ್ನುವವರೂ ಇದ್ದಾರೆ ಎಂದರು. ಇಪ್ಪತ್ತೇಳು ವರ್ಷಗಳ ಬಗ್ಗೆ ಚಿಂತೆ ಹತ್ತಿತು. ಐದನೆಯ ವಾರ, ಎರಡರಲ್ಲೂ ಸತ್ಯವಿದೆ, ಸಂದರ್ಭ ನೋಡಿ ನಿರ್ಧರಿಸಬೇಕು ಎಂದಾಗ ಆನಂದಪಡಬೇಕೋ ಚಿಂತಿಸಬೇಕೋ ತಿಳಿಯದೆ, ಮೈಕು ಬಂದಾಗಿದೆಯೆಂದು ಖಾತ್ರಿ ಮಾಡಿಕೊಂಡು ಒಂದು ನಿಟ್ಟುಸಿರು ಬಿಟ್ಟೆ. ಬಂದಾಗಿರಲಿಲ್ಲ. ನನ್ನ ನಿಟ್ಟುಸಿರು ರಾಜ್ಯದ ನಾನಾ ಜಿಲ್ಲೆಗಳ ಶಿಕ್ಷಕರಿಗೆಲ್ಲ ಕೇಳಿಸಿತು.

ಆರನೆಯ ವಾರಕ್ಕೆ ಒಂದು ಕೆಲಸ ಕೊಟ್ಟರು. ತರಗತಿಯ ಇಬ್ಬರು ಮಕ್ಕಳಿಂದ ಹಿಂದೆ ಓದಿರದ ಒಂದು ಕಥೆಯನ್ನು ಗಟ್ಟಿಯಾಗಿ ಓದಿಸಿ, ಧ್ವನಿಮುದ್ರಿಸಿಕೊಂಡು, ಅಚ್ಚಾದದ್ದಕ್ಕೂ ಓದಿದ್ದಕ್ಕೂ ಎಲ್ಲೆಲ್ಲಿ ವ್ಯತ್ಯಾಸವಿದೆಯೆಂದು ಗುರುತಿಸಬೇಕು. ಒಬ್ಬರು ಚೆನ್ನಾಗಿ ಓದುವವರು, ಒಬ್ಬರು ಓದಲು ಕಷ್ಟಪಡುವವರು. ಆಯ್ಕೆ ಸುಲಭವಾಗಿತ್ತು. ನಾನು ಕಲಿಸುವುದು ತಾಲೂಕಿನ ಒಂದು ಸಣ್ಣ ಊರಿನ ಶಾಲೆಯಲ್ಲಿ. ನನ್ನದು ನಾಲ್ಕನೆಯ ತರಗತಿ. ಅಲ್ಲಿ ಸ್ಫೂರ್ತಿ ಎಂಬ ಹುಡುಗಿ ನನ್ನ ಹೆಮ್ಮೆ. ಆಕೆಯ ಓದಿನಲ್ಲಿ ಒಂದು ಒತ್ತಕ್ಷರವೂ ಜಾರುವುದಿಲ್ಲ. ದಾನೇಶ್ವರಿ ಎಂಬವಳು ನನ್ನ ತಲೆನೋವು. ಆಕೆಯನ್ನು ನಾನು ‘ನಿಧಾನ ಕಲಿಯುವವರ’ ಸಾಲಿನಲ್ಲಿ, ಕಿಡಕಿಯ ಪಕ್ಕ ಕೂರಿಸಿದ್ದೆ.

ಧ್ವನಿಮುದ್ರಿಸಲು ಪಾಲಕರ ಲಿಖಿತ ಒಪ್ಪಿಗೆ ಬೇಕಿತ್ತು. ಸ್ಫೂರ್ತಿಯ ತಂದೆ ಶಾಲೆಯ ಬಾಗಿಲಲ್ಲೇ ಸಹಿ ಹಾಕಿ ಹೋದರು. ದಾನೇಶ್ವರಿಯ ಮನೆಗೆ ನಾನೇ ಹೋಗಬೇಕಾಯಿತು. ಆಕೆಯ ತಾಯಿ ನೀಲವ್ವ ಅಂಗಳದಲ್ಲಿ ಮೆಣಸಿನಕಾಯಿಯ ರಾಶಿಯ ಮುಂದೆ ಕುಳಿತು ತೊಟ್ಟು ಬಿಡಿಸುತ್ತಿದ್ದಳು. ಮೂವತ್ತಮೂರು, ಮೂವತ್ತನಾಲ್ಕರ ಹೆಂಗಸು, ಮಾತು ಕಡಿಮೆ. ನಾನು ಮೂರು ಸಲ ಸೀನಿ, ಬಂದ ಕಾರಣ ಹೇಳಿ, ಕಾಗದ ಮುಂದೆ ಹಿಡಿದೆ. ಕೈ ಒರೆಸಿಕೊಂಡು ಆಕೆ ಅದನ್ನು ಗಟ್ಟಿಯಾಗಿಯೇ ಓದತೊಡಗಿದಳು. ‘ಸದರಿ ಪ್ರಕ್ರಿಯೆಯಲ್ಲಿ ಪಾಲ್ಗೊಳ್ಳುವಿಕೆಯು ಸಂಪೂರ್ಣವಾಗಿ ಸ್ವಯಂಪ್ರೇರಿತವಾಗಿದ್ದು, ಯಾವುದೇ ಹಂತದಲ್ಲಿ ಹಿಂದೆ ಸರಿಯುವ ಸ್ವಾತಂತ್ರ್ಯವಿರುತ್ತದೆ’ ಎಂದು ಅಲ್ಲಿ ಅಚ್ಚಾಗಿತ್ತು. ಅದರ ಮೇಲೆ ಬೆರಳಾಡಿಸುತ್ತ ಆಕೆ ಓದಿದ್ದು ಹೀಗೆ: “ಇದರಾಗ ಸೇರೂದು ನಮ್ಮ ಖುಷಿ. ಬ್ಯಾಡ ಅನಸಿದ್ರ ಯಾವಾಗರ ಬಿಡಬಹುದು. ಪಾಲಕರ ಒಪ್ಗಿ...”

“ಒಪ್ಗಿ ಅಲ್ಲವ್ವ, ಒಪ್ಪಿಗೆ” ಎಂದೆ. ಹೇಳಬೇಕೆಂದು ಹೇಳಿದ್ದಲ್ಲ, ಕೆಮ್ಮು ಬಂದ ಹಾಗೆ ಬಂತು.

ನೀಲವ್ವ ಓದು ನಿಲ್ಲಿಸಿದಳು. ಕಾಗದವನ್ನು ನನ್ನ ಕಡೆಗೆ ತಿರುಗಿಸಿ, “ಎಲ್ಲಿ ಸಹಿ ಮಾಡಬೇಕು ಹೇಳ್ರಿ ಅಕ್ಕೋರ” ಎಂದಳು. ಮುಂದಿನದನ್ನು ಓದದೆ ಸಹಿ ಮಾಡಿಕೊಟ್ಟಳು. ನಮ್ಮ ಕಡೆ ಹೆಣ್ಣು ಶಿಕ್ಷಕರನ್ನೆಲ್ಲ ಅಕ್ಕೋರು ಎನ್ನುವುದು ರೂಢಿ. ಆ ಕರೆಯಲ್ಲಿ ಗೌರವವಲ್ಲದೆ ಬೇರೇನಾದರೂ ಇರಬಹುದೆಂದು ನನಗೆ ಹೊಳೆಯಲಿಲ್ಲ. ಕೆಲಸ ಬೇಗ ಮುಗಿಯಿತೆಂದು ಬಸ್ಸು ಹಿಡಿದು ಮನೆಗೆ ಬಂದೆ.

ಮರುದಿನ ಇಬ್ಬರನ್ನೂ ಬೇರೆ ಬೇರೆಯಾಗಿ ಕೂರಿಸಿ ಓದಿಸಿದೆ. ಕಥೆ ಚಿಕ್ಕದು: ಅಜ್ಜಿಯೊಬ್ಬಳು ಸಂತೆಗೆ ಹೋಗುತ್ತಾಳೆ, ಬರುವಾಗ ಮಳೆ ಹಿಡಿಯುತ್ತದೆ. ಸ್ಫೂರ್ತಿ ಎಂದಿನಂತೆ ನಿಷ್ಕಳಂಕವಾಗಿ ಓದಿದಳು. ದಾನೇಶ್ವರಿ ಎಂದಿನಂತೆ ನನ್ನ ರಕ್ತದೊತ್ತಡ ಏರಿಸಿದಳು. ‘ಅಜ್ಜಿ ಸಂತೆಗೆ ಹೋದಳು’ ಎಂಬುದನ್ನು ‘ಅಜ್ಜಿ ಸಂತಿಗೆ ಹ್ವಾದ್ಲು’ ಎಂದಳು. ‘ಮಳೆ ಬಂದಿತು, ಕೊಡೆ ಮನೆಯಲ್ಲಿ ಉಳಿದಿತ್ತು’ ಎಂಬುದು ‘ಮಳಿ ಬಂತು, ಛತ್ರಿ ಮನ್ಯಾಗ ಉಳದಿತ್ತು’ ಎಂದಾಯಿತು. ‘ಗೋಣಿಚೀಲವನ್ನು ತಲೆಯ ಮೇಲೆ ಹೊದ್ದುಕೊಂಡು ನಡೆದಳು’ ಎಂಬಲ್ಲಿಗೆ ಬಂದಾಗ ಕ್ಷಣ ನಿಂತು, ನಾಲ್ಕು ಪದಗಳನ್ನು ಒಂದೇ ಏಟಿಗೆ ನುಂಗಿ, ‘ಕೊಪ್ಪಿ ಹಾಕ್ಕೊಂಡು ನಡದ್ಲು’ ಎಂದುಬಿಟ್ಟಳು. ಚೀಲದ ಒಂದು ಮೂಲೆಯನ್ನು ಒಳಕ್ಕೆ ಮಡಚಿ ತಲೆಗೆ ಟೊಪ್ಪಿಗೆಯಂತೆ ಇಳಿಬಿಟ್ಟುಕೊಳ್ಳುವುದಕ್ಕೆ ಹೊಲದ ಮಂದಿ ಅನ್ನುವುದು ಹಾಗೆಯೇ, ನಿಜ. ಆದರೆ ಪುಸ್ತಕದಲ್ಲಿ ಹಾಗಿರಲಿಲ್ಲ. ಮಧ್ಯೆ ತಿದ್ದಕೂಡದೆಂದು ಮೇಡಂ ಕಟ್ಟಪ್ಪಣೆ ಮಾಡಿದ್ದರಿಂದ ಸೆರಗಿನ ತುದಿಯನ್ನು ಬಾಯಿಗೆ ಒತ್ತಿ ಹಿಡಿದುಕೊಂಡು ಕುಳಿತಿದ್ದೆ. ಲೆಕ್ಕ ಹಾಕಿದಾಗ ತಪ್ಪುಗಳು ಇಪ್ಪತ್ತೊಂಬತ್ತು.

ಓದಿದ ಮೇಲೆ ಇಬ್ಬರಿಗೂ ಒಂದು ಪ್ರಶ್ನೆ ಕೇಳಬೇಕಿತ್ತು: ಅಜ್ಜಿ ಚೀಲ ಯಾಕೆ ಹೊದ್ದುಕೊಂಡಳು? ಸ್ಫೂರ್ತಿ ಕಥೆಯ ಮೊದಲ ಸಾಲನ್ನು ಬಾಯಿಪಾಠದಂತೆ ಒಪ್ಪಿಸಿ, ಸರಿಯಾಯಿತೇ ಎಂದು ನನ್ನ ಮುಖ ನೋಡಿದಳು. ದಾನೇಶ್ವರಿ, “ಛತ್ರಿ ಮರತ ಬಂದಿದ್ಲಲ್ರಿ. ಚೀಲದಾಗಿನ ಜ್ವಾಳ ಬುಟ್ಟಿಗೆ ಸುರುವಿ ಆ ಚೀಲಾನ ಹಾಕ್ಕೊಂಡ್ಲು. ಆದ್ರ ಜ್ವಾಳ ತೊಯ್ದಿರ್ತಾವ್ರಿ, ಅದನ್ನ ಬರದಿಲ್ಲ” ಎಂದು ಲೇಖಕರ ಮೇಲೆಯೇ ಒಂದು ಆಕ್ಷೇಪಣೆ ಎತ್ತಿದಳು.

ರವಿವಾರ ನನ್ನ ಪಟ್ಟಿಯನ್ನು ಪರದೆಯ ಮೇಲೆ ಹಂಚಿಕೊಂಡು, ಈ ಹುಡುಗಿ ಇಪ್ಪತ್ತೊಂಬತ್ತು ತಪ್ಪು ಮಾಡುತ್ತಾಳೆ, ಬಹಳ ಹಿಂದುಳಿದಿದ್ದಾಳೆ ಎಂದು ವಿಷಾದದಿಂದ ವರದಿ ಒಪ್ಪಿಸಿದೆ. ಮೇಡಂ ಸಾವಕಾಶವಾಗಿ ನೋಡಿ, “ಇವುಗಳಲ್ಲಿ ಅರ್ಥ ಕೆಟ್ಟದ್ದು ಎಷ್ಟು?” ಎಂದು ಕೇಳಿದರು. ಪಟ್ಟಿಯಲ್ಲಿ ಅದಕ್ಕೊಂದು ಕಾಲಮು ಇತ್ತು, ನಾನು ತುಂಬಿರಲಿಲ್ಲ. ಅಲ್ಲೇ ಎಣಿಸಿದೆ. ಮೇಲಿನಿಂದ ಕೆಳಕ್ಕೆ, ಮತ್ತೆ ಕೆಳಗಿನಿಂದ ಮೇಲಕ್ಕೆ. ಒಂದೂ ಇರಲಿಲ್ಲ.

“ಕೊಡೆಗೂ ಛತ್ರಿಗೂ ಒಂದಕ್ಷರದ ಸಂಬಂಧವಿಲ್ಲ. ಅಕ್ಷರ ಓದಿ, ಅರ್ಥ ಹಿಡಿದು, ತನ್ನ ಮಾತಿಗೆ ತಂದುಕೊಳ್ಳದೆ ಆಕೆ ಛತ್ರಿ ಎನ್ನಲು ಸಾಧ್ಯವೇ?” ಎಂದರು ಮೇಡಂ. ಹಾಗಾದರೆ ತಿದ್ದಬಾರದೇ, ಪರೀಕ್ಷೆಯಲ್ಲಿ ‘ಸಂತಿ’ ಎಂದು ಬರೆದರೆ ಅಂಕ ಕೊಡುವವರು ಯಾರು ಎಂದು ನಾನು ಕೇಳಿದೆ. ಅವರು ನಸುನಕ್ಕು, “ಅದನ್ನು ನೀವೇ ನಿರ್ಧರಿಸಬೇಕು ಮೇಡಂ, ಮಗು ನಿಮ್ಮ ಎದುರಿಗಿದೆ” ಎಂದರು. ಸಂದೇಹ ಪರಿಹಾರಕ್ಕೆಂದು ಸೇರಿದ ತರಗತಿಯಲ್ಲಿ ಸಂದೇಹವನ್ನು ಇಷ್ಟು ಗೌರವದಿಂದ ಮನೆಗೆ ಕಳಿಸಿಕೊಡುತ್ತಾರೆಂದು ನನಗೆ ಮೊದಲು ಗೊತ್ತಿರಲಿಲ್ಲ.

ಸೋಮವಾರ ಶಾಲೆ ಬಿಟ್ಟ ಮೇಲೆ ನನ್ನ ಕಾಲುಗಳು ನೀಲವ್ವನ ಮನೆಯ ದಾರಿ ಹಿಡಿದವು. ಮೆಣಸಿನಕಾಯಿ ರಾಶಿ ಅರ್ಧಕ್ಕೆ ಇಳಿದಿತ್ತು. ನಿನ್ನ ಮಗಳು ಚೆನ್ನಾಗಿ ಓದುತ್ತಾಳೆ, ನಾನೇ ತಪ್ಪು ತಿಳಿದಿದ್ದೆ ಎಂದೆ. ನೀಲವ್ವ ತೊಟ್ಟು ಬಿಡಿಸುತ್ತಲೇ, ತಲೆ ಎತ್ತದೆ, “ನಾನೂ ಛಲೋ ಓದತಿದ್ದೆರಿ ಅಕ್ಕೋರ” ಎಂದಳು.

ಆಕೆಯ ತವರು ಯರಗುಪ್ಪಿಯ ಆಚೆಗಿನ ಹಳ್ಳಿ. ನೌಕರಿಯ ಮೊದಲ ವರ್ಷಗಳಲ್ಲಿ ನಾನು ಅಲ್ಲಿದ್ದೆ. ಆಕೆ ನನ್ನ ನಾಲ್ಕನೆಯ ತರಗತಿಯಲ್ಲಿದ್ದಳಂತೆ.

“ಒಂದಿನ ಪಾಠ ಓದಾಕ ನಿಲ್ಸಿದ್ರಿ. ನಾ ‘ಮನಿ’ ಅಂದೆ, ನೀವು ‘ಮನೆ’ ಅಂದ್ರಿ. ನಾ ‘ಮಳಿ’ ಅಂದೆ, ನೀವು ‘ಮಳೆ’ ಅಂದ್ರಿ. ಒಂದು ಸಾಲಿನಾಗ ನಾಕ ಸರತಿ ತಡದ್ರಿ. ಎಲ್ಲಾರೂ ನಕ್ರು. ನೀವೂ ನಕ್ರಿ. ಅವತ್ತಿನಿಂದ ಗಟ್ಟಿಯಾಗಿ ಓದೂದು ಬಿಟ್ಟೆ. ಮನಸಿನಾಗ ಓದತೀನ್ರಿ. ಪೇಪರು ಸಿಕ್ರ ಪೇಪರು, ಬೀಜದ ಚೀಲ ಸಿಕ್ರ ಚೀಲ. ಮೊನ್ನೆ ನೀವು ಕಾಗದ ಕೊಟ್ಟಾಗ, ಇಷ್ಟ ವರ್ಷ ಆತು, ನೋಡೂಣು ಅಂತ ಬಾಯಿ ತಗದೆ.”

ದನಿಯಲ್ಲಿ ಸಿಟ್ಟಿರಲಿಲ್ಲ. ಹೊಲದಲ್ಲಿ ಯಾವ ವರ್ಷ ಯಾವ ಬೆಳೆ ಹೋಯಿತೆಂದು ಹೇಳುವಂತೆ ಹೇಳಿದಳು. ನಾನು ಆ ದಿನವನ್ನು ನೆನಪಿಸಿಕೊಳ್ಳಲು ಪ್ರಯತ್ನಿಸಿದೆ. ಆ ಶಾಲೆಯ ಬೇವಿನಮರ ನೆನಪಾಯಿತು, ಸೋರುವ ಮೂಲೆ ನೆನಪಾಯಿತು, ನೀಲವ್ವ ನೆನಪಾಗಲಿಲ್ಲ. ನಕ್ಕದ್ದೂ ನೆನಪಾಗಲಿಲ್ಲ. ಆಕೆ ಇಪ್ಪತ್ತಮೂರು ವರ್ಷ ಹೊತ್ತುಕೊಂಡಿದ್ದನ್ನು ನಾನು ಅವತ್ತಿನ ಸಂಜೆಯ ಬಸ್ಸಿನಲ್ಲೇ ಮರೆತಿರಬೇಕು. ಕ್ಷಮೆ ಕೇಳಲು ಹೊರಟರೆ, ಸಭೆಗಳಲ್ಲಿ ನಿರರ್ಗಳವಾಗಿ ಹರಿಯುವ ನನ್ನ ಶುದ್ಧ ಕನ್ನಡ ಆಗ ನಾಲಿಗೆಗೆ ಬರಲೇ ಇಲ್ಲ. “ತಪ್ಪಾತ ನೀಲವ್ವ” ಎಂದೆ.

“ಇರ್ಲಿ ಬಿಡ್ರಿ” ಎಂದಳು ಆಕೆ. ಚಹಾ ತಂದುಕೊಟ್ಟಳು. ನಾನು ಅರ್ಧ ಕುಡಿದು, ಇನ್ನು ಮೇಲೆ ದಾನೇಶ್ವರಿಯನ್ನು ತಿದ್ದುವುದಿಲ್ಲ ಎಂದೆ. ನೀಲವ್ವ ಮೊದಲ ಸಲ ನನ್ನನ್ನು ನೇರ ನೋಡಿದಳು.

“ಅದ್ಯಾಕ್ರಿ? ತಿದ್ದಾಕ ಬೇಕು. ನಾಳೆ ಧಾರವಾಡದಾಗ ಓದಾಕ ಹೋದ್ರ ಆಕಿಗೆ ಪುಸ್ತಕದ ಮಾತು ಬ್ಯಾಡೇನು? ತಿದ್ರಿ. ಆದ್ರ ಓದಿ ಮುಗಸೂತನಕ ತಡೀರಿ. ನಡುವ ತಡದ್ರ ಮುಂದಿನ ಮಾತು ಎಲ್ಲಿ ಹೋಗಬೇಕ್ರಿ?”

ಮೇಡಂ ಆರು ವಾರಗಳಲ್ಲಿ ವಿವರಿಸಿದ್ದನ್ನು ಆಕೆ ಚಹಾ ಆರುವುದರೊಳಗೆ ಹೇಳಿ ಮುಗಿಸಿದ್ದಳೆಂದು ಬರೆದರೆ ಪ್ರಬಂಧ ಸೊಗಸಾಗಿ ಕಂಡೀತು. ಆದರೆ ಅದು ಪೂರ್ತಿ ನಿಜವಲ್ಲ. ಆ ಆರು ವಾರಗಳಿಲ್ಲದಿದ್ದರೆ ನಾನು ಆ ಅಂಗಳಕ್ಕೆ ಹೋಗುತ್ತಲೇ ಇರಲಿಲ್ಲ, ಹೋಗಿದ್ದರೂ ಕೇಳಿಸಿಕೊಳ್ಳುತ್ತಿರಲಿಲ್ಲ. ಮತ್ತು ಗೊಂದಲ ಇಂದಿಗೂ ಹರಿದಿಲ್ಲ. ಓದಿ ಮುಗಿಸಿದ ಮೇಲೆ ಇಪ್ಪತ್ತೊಂಬತ್ತರಲ್ಲಿ ಎಷ್ಟನ್ನು ತಿದ್ದಬೇಕು? ‘ಸಂತಿ’ಯನ್ನು ತಿದ್ದಿ ‘ಛತ್ರಿ’ಯನ್ನು ಬಿಡಬೇಕೇ? ‘ಕೊಪ್ಪಿ’ಯನ್ನು ಹೊಡೆದುಹಾಕಿ ಅಲ್ಲಿ ಗೋಣಿಚೀಲ ತುರುಕಲು ಯಾವ ಶಿಕ್ಷಕಿಗೆ ಕೈ ಬಂದೀತು? ‘ತಪ್ಪೇ, ಒಪ್ಪೇ’ ಎಂಬ ಕೊನೆಯ ಕಾಲಮಿನಲ್ಲಿ ‘ಇನ್ನೂ ತಿಳಿದಿಲ್ಲ’ ಎಂದು ಬರೆದು ಕಳಿಸಿದೆ. ಮೇಡಂ ಅದಕ್ಕೆ ಒಳ್ಳೆಯ ಅಂಕವನ್ನೇ ಕೊಟ್ಟರು; ಯಾಕೆಂಬುದೂ ತಿಳಿಯಲಿಲ್ಲ.

ನೀಲವ್ವನ ಮನೆಗೆ ಹೋಗಿಬಂದ ಮರುದಿನ ದಾನೇಶ್ವರಿಯನ್ನು ಕಿಡಕಿಯ ಪಕ್ಕದ ಸಾಲಿನಿಂದ ಎಬ್ಬಿಸಿ, ಮುಂದೆ ಕರೆದು, ಹೊಸದೊಂದು ಪಾಠ ಕೊಟ್ಟೆ. ಮೊದಲ ಸಾಲಿನಲ್ಲೇ ‘ಎಲೆ’ ಎಂಬುದು ‘ಎಲಿ’ಯಾಯಿತು. ಹುಡುಗಿ ಅಲ್ಲೇ ನಿಂತು, ನನ್ನ ಕಡೆ ನೋಡಿದಳು. ನಾನು ಮಾತಾಡಲಿಲ್ಲ. ಇನ್ನೊಂದು ಸಾಲು ಓದಿ ಮತ್ತೆ ನಿಂತಳು, ಮತ್ತೆ ನೋಡಿದಳು. ಪ್ರತಿ ಸಾಲಿನಲ್ಲೂ ಎಲ್ಲಿ ಏಟು ಬೀಳುತ್ತದೆಂದು ಆಕೆಗೆ ಗೊತ್ತಿತ್ತು, ಅದಕ್ಕೆ ಜಾಗ ಬಿಟ್ಟುಕೊಂಡೇ ಓದುತ್ತಿದ್ದಳು. ನಿಧಾನ ಎಂದು ನಾನು ಹೆಸರಿಟ್ಟಿದ್ದು ಆ ಖಾಲಿ ಜಾಗಗಳಿಗೆ. ಮೂರನೆಯ ಸಾಲಿನ ಹೊತ್ತಿಗೆ ನಿಲ್ಲುವುದು ಕಡಿಮೆಯಾಯಿತು. ಪುಟದ ಕೊನೆಗೆ ಬರುವಾಗ ಗಾಳಿಗೆ ಬಿಟ್ಟ ಪಟದಂತೆ ಹೋಗುತ್ತಿದ್ದಳು. ಹಿಂದಿನ ಸಾಲಿನ ಮಕ್ಕಳು ಕೇಳುತ್ತ ಕುಳಿತಿದ್ದರು, ಯಾರೂ ನಗಲಿಲ್ಲ.

ಪಾಠ ಮುಗಿಸಿ ಪುಸ್ತಕ ಎದೆಗೊತ್ತಿಕೊಂಡು ಆಕೆ ನನ್ನನ್ನೇ ಒಂದಿಷ್ಟು ಹೊತ್ತು ನಿಟ್ಟಿಸಿದಳು. ಆಮೇಲೆ ಹತ್ತಿರ ಬಂದು ಮೆಲ್ಲಗೆ ಕೇಳಿದಳು: “ಅಕ್ಕೋರ, ನಿಮ್ಮ ಗಂಟಲಾ ಕಟ್ಟೇತೇನ್ರಿ?”

ಹೌದೆಂದು ತಲೆಯಾಡಿಸಿದೆ.

“ಹಂಗಾರ ಇನ್ನೊಂದು ಪಾಠ ಓದಲೇನ್ರಿ?” ಎಂದವಳೇ ನನ್ನ ಉತ್ತರಕ್ಕೂ ಕಾಯದೆ ಪುಟ ತಿರುವಿದಳು.