ಹೆರಿಗೆಗೆ ನಾನಿರ್ತೀನಿ ಅಂದಿದ್ದ ಮೇರಿ

ಇಂಥಾ ಮಾತು ಆಡಬೇಡ ಎಂದು ಗದರಿ ಫೋನ್ ಇಟ್ಟುಬಿಟ್ಟೆ...
ಮೇರಿಯ ಮಗಳು ಮತ್ತೆ ಮಾಡಿದಳು.
"ನಿಜ ಆಂಟಿ... ಬೆಳಿಗ್ಗೆ ಅಮ್ಮ ಹೋಗ್ಬಿಟ್ರು. ಹಾರ್ಟ್ ಅಟ್ಯಾಕ್."

ಭದ್ರಾವತಿಯ ಆರೋಗ್ಯಮೇರಿ ಇಲ್ಲವಂತೆ.
ಭಾನುವಾರವಷ್ಟೇ ನನ್ನ ಅಡುಗೆಮನೆಯಲ್ಲಿ ನಿಂತು, ಸಾರಿಗೆ ಹುಳಿ ಜಾಸ್ತಿಯಾಗಿದೆ ಎಂದು ನನಗೇ ಹೇಳಿ ಹೋದವಳು.
ಹಾಗೆ ಹೇಳುವ ಧೈರ್ಯ ಈ ಶಿವಮೊಗ್ಗದಲ್ಲಿ ಇನ್ಯಾರಿಗೂ ಇಲ್ಲ...

ಗೊತ್ತಿಲ್ಲದವರಿಗೆ ಹೇಳುತ್ತೇನೆ.
ನಮ್ಮ ಲೇಡೀಸ್ ಪಿಜಿಗೆ ಕರ್ಟನ್ ಹೊಲಿಯಲು ಬಂದವಳು ಮೇರಿ.
ಸೆರಗಿಗೆ ಒಂದು ಸಣ್ಣ ಪಿನ್ ಚುಚ್ಚಿಕೊಂಡಿದ್ದಳು. ಅಕ್ಕಿಕಾಳಿನಷ್ಟು ಪುಟ್ಟ ಎರಡು ಪಾದ.
ಅಷ್ಟಮಿಗೆ ರಂಗೋಲಿಯಲ್ಲಿ ಬಿಡಿಸುವ ಹೆಜ್ಜೆ ಎಂದುಕೊಂಡೆ.
"ಏನಮ್ಮಾ, ಚರ್ಚಿಗೆ ಹೋಗೋಳು ಕೃಷ್ಣನ ಪಾದ ಹಾಕ್ಕೊಂಡಿದೀಯ?"
ಬಿದ್ದು ಬಿದ್ದು ನಕ್ಕಳು.
"ಅಯ್ಯೋ ಅಕ್ಕಾ, ಇದು ಹೊಟ್ಟೆಯೊಳಗಿನ ಮಗೂ ಪಾದ. ಯಾರಾದ್ರೂ ಕೇಳ್ಲಿ ಅಂತಾನೇ ಹಾಕ್ಕೊಳ್ಳೋದು. ಕೇಳಿದ್ರಲ್ಲ... ಈಗ ಕೂತ್ಕೊಳಿ!"

ಅಬಾರ್ಷನ್ ಬೇಡ ಎಂದು ಊರೂರಿಗೆ ಹೇಳುವ ಅವಳ ಚರ್ಚಿನ ಗುಂಪಿನ ಬಗ್ಗೆ ಅವತ್ತೇ ಗೊತ್ತಾಗಿದ್ದು.
ನಾನು ಮೂರು ಹೆತ್ತವಳು. ಬೇಕೋ ಬೇಡವೋ ಎಂದು ಹೆರುವವಳೇ ಹೇಳಬೇಕು ಎನ್ನುವವಳು. ಇಂದಿಗೂ ಅದೇ ಮಾತು.
ಆದರೂ ಕುತೂಹಲ... ಒಂದು ಭಾನುವಾರ ಭದ್ರಾವತಿಗೆ ಹೋದೆ.
ಬಸ್ ಸ್ಟ್ಯಾಂಡ್ ಹತ್ತಿರ ಅವರು ಬ್ಯಾನರ್ ಹಿಡಿದು ನಿಂತಿದ್ದರು. ನಾನು ಎದುರಿನ ಜ್ಯೂಸ್ ಅಂಗಡಿಯಲ್ಲಿ ಕೂತು ನೋಡಿದೆ.

ಪಾಂಪ್ಲೆಟ್ ಇಸಿದುಕೊಂಡವರೆಲ್ಲ ಗಂಡಸರೇ! ಒಬ್ಬ ಅದರಲ್ಲೇ ಬೆಂಚಿನ ಧೂಳು ಒರೆಸಿ ಕೂತ.
ಬ್ಯಾನರಿನಲ್ಲಿದ್ದ ರಕ್ತದ ಚಿತ್ರ ಕಂಡ ಹೆಂಗಸರು ಆಚೆ ಬದಿಯ ರಸ್ತೆ ಹಿಡಿದರು.
ಮೇರಿ ಮಾತ್ರ ಬ್ಯಾನರಿನಿಂದ ದೂರ ನಿಂತು, ಹೆಬ್ಬೆರಳಿನಷ್ಟು ಪ್ಲಾಸ್ಟಿಕ್ ಮಗುವನ್ನು ಜನರ ಅಂಗೈಗೆ ಇಡುತ್ತಿದ್ದಳು. ಬಾಯಲ್ಲಿ ಮಾತಿಲ್ಲ. ಆಮೇಲೆ ಅಂಗಡಿಗೆ ಬಂದು ನನ್ನ ಎದುರು ಕೂತಳು.
"ಇಟ್ಟ ತಕ್ಷಣ ಎಲ್ರೂ ಬೆರಳು ಮುಚ್ತಾರೆ. ನೋಡಿದ್ರಾ ಅಕ್ಕಾ?"
"ಕೋಳಿಮರಿ ಇಟ್ರೂ ಮುಚ್ತಾರೆ ಕಣೇ."
"ಹೌದು... ಆದ್ರೆ ಮುಚ್ತಾರಲ್ವಾ?"
"ಕಷ್ಟದಲ್ಲಿರೋ ಹುಡುಗಿ ಕೈಗೆ ಇದನ್ನಿಟ್ರೆ ಅವಳು ಯೋಚನೆ ಮಾಡ್ತಾಳಾ, ಬರೀ ಅಳ್ತಾಳಾ?"
ಬಾಯಿಗೆ ಬಾಯಿ ಕೊಡುವ ಮೇರಿ, ಅವತ್ತು ಪ್ಲಾಸ್ಟಿಕ್ ಗೊಂಬೆಯನ್ನು ಚೀಲಕ್ಕೆ ಹಾಕಿಕೊಂಡಳು.

ಆಮೇಲೆ ನಮ್ಮ ಪಿಜಿಯ ಹುಡುಗಿಯೇ ಬಸುರಿಯಾದಳು.
ಹೆಸರು ಬರೆಯುವುದಿಲ್ಲ. ಇದನ್ನು ಅವಳಿಗೆ ಓದಿ ಹೇಳಿ, ಅವಳು ಹೂಂ ಎಂದ ಮೇಲೆ ಹಾಕುತ್ತಿದ್ದೇನೆ.
ಮದುವೆ ಆಗ್ತೀನಿ ಅಂದಿದ್ದವನು ನಂಬರ್ ಬದಲಿಸಿದ್ದ. ತವರಿನವರು ಬಾಗಿಲು ಹಾಕಿಕೊಂಡರು.
ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ಕಾನೂನಿನಲ್ಲಿ ಏನಿದೆ ಎಂದು ಅವರು ಬಿಡಿಸಿ ಹೇಳಿದರು.
ಅವಳೊಂದಿಗೆ ಮಾತಾಡಲೇ ಎಂದು ಮೇರಿ ಕೇಳಿದಳು.
"ಪಾಂಪ್ಲೆಟ್ ಗೇಟಿನ ಆಚೆ. ಮೊದಲು ಊಟ, ಆಮೇಲೆ ಮಾತು. ನಾನೂ ಅಲ್ಲೇ ಕೂತಿರ್ತೀನಿ" ಎಂದೆ. ಒಪ್ಪಿದಳು.

ಮೇರಿ... ಆ ಗೊಂಬೆ ಅವತ್ತು ನಿನ್ನ ಚೀಲದಲ್ಲೇ ಇತ್ತು. ನಾನು ನೋಡಿದ್ದೆ.
ನೀನು ಹೊರಗೆ ತೆಗೆಯಲೇ ಇಲ್ಲ. ನನ್ನ ಹೆದರಿಕೆಗಾ... ಆ ಹುಡುಗಿಯ ಮುಖ ನೋಡಿಯಾ?
ಕೇಳಬೇಕು, ಕೇಳಬೇಕು ಎಂದುಕೊಂಡೇ ಉಳಿದೆ.
ಬೈಬಲ್ಲಿನ ಒಂದು ಮಾತೂ ಹೇಳಲಿಲ್ಲ ನೀನು. ಹುಡುಗಿಯೇ ಕೇಳಿದಳು...
"ಉಳಿಸ್ಕೋ ಅಂತ ಎಲ್ರೂ ಹೇಳ್ತಾರೆ ಆಂಟಿ. ಹೆರಿಗೆ ದಿನ ನನ್ನ ಜೊತೆ ಯಾರಿರ್ತಾರೆ?"
"ನಾನಿರ್ತೀನಿ" ಎಂದೆ ನೀನು.
"ಆಮೇಲೆ?"
"ಆಮೇಲೂ."
ಇಷ್ಟೇ.
ಅವಳು ದಿನಗಟ್ಟಲೆ ಯೋಚಿಸಿ, ಮಗು ಬೇಕು ಎಂದಳು. ನಿನ್ನ ಆ ಒಂದು ಮಾತು ನಂಬಿಕೊಂಡು.
ನೀನು ಮಾತು ಉಳಿಸಿಕೊಂಡೆ ಕೂಡ. ಪ್ರತಿ ಚೆಕಪ್ಪಿಗೂ ಬಸ್ಸು ಹತ್ತಿ ಬಂದೆ.
ನಿನ್ನ ಗುಂಪಿನವರು ಯಾಕೆ ಬ್ಯಾನರ್ ಹಿಡಿಯಲು ಬರಲಿಲ್ಲ ಎಂದು ಕೇಳಿದಾಗ, "ಇಲ್ಲಿ ಕ್ಯೂ ನಿಂತಿದೀನಲ್ಲ, ಇದೂ ಅದೇ ಕೆಲ್ಸ" ಎಂದು ಆಸ್ಪತ್ರೆಯಿಂದಲೇ ಫೋನಿನಲ್ಲಿ ರೇಗಿದ್ದೆ.
ಈಗ ಅವಳಿಗೆ ತಿಂಗಳು ತುಂಬುತ್ತಾ ಬಂತು. ನೀನು ಹೀಗೆ ಮಾಡಬಹುದೇ?

ಬೆಳಿಗ್ಗೆಯಿಂದ ಅವಳು ಒಂದು ತುತ್ತು ತಿಂದಿಲ್ಲ.
"ನಾನು ಮೇರಿ ಆಂಟೀನ ನೋಡ್ಬೇಕು ಅಮ್ಮ."
"ಬಸುರಿ ಹೆಂಗಸು ಸಾವಿನ ಮನೆಗೆ ಹೋಗಬಾರದು. ನಮ್ಮಲ್ಲಿ ಆ ಪದ್ಧತಿ ಇಲ್ಲ" ಎಂದೆ.
ಈ ವಿಷಯದಲ್ಲಿ ನಾನು ಎಷ್ಟು ಕಟ್ಟುನಿಟ್ಟು ಎಂದು ನಮ್ಮ ಬಂಧುಗಳಿಗೆಲ್ಲ ಗೊತ್ತು. ಬಸುರಿಯಾಗಿದ್ದ ನನ್ನ ಸೊಸೆಯನ್ನು ಅವಳ ಸ್ವಂತ ಸೋದರಮಾವ ತೀರಿಕೊಂಡಾಗಲೂ ಕಳಿಸಿರಲಿಲ್ಲ.
ಹುಡುಗಿ ಕಣ್ಣು ಒರೆಸಿಕೊಂಡಳು.
"ಅವರು ನನ್ನ ಹತ್ರ ಬರ್ತೀನಿ ಅಂದಿದ್ರು. ಇನ್ನು ಬರೋಕಾಗಲ್ವಲ್ಲ ಅಮ್ಮ... ನಾನೇ ಹೋಗ್ಬೇಕು ತಾನೇ?"



ನಾಳೆ ಅವಳನ್ನು ಕಾರಿನಲ್ಲಿ ಭದ್ರಾವತಿಗೆ ಕರೆದೊಯ್ಯುತ್ತೇನೆ.
ತಪ್ಪು ಎನ್ನುವ ಬಂಧುಗಳು ನನಗೇ ಫೋನ್ ಮಾಡಿ. ಅವಳಿಗಲ್ಲ.
ಮೇರಿಯ ಗುಂಪಿನವರೇ... ನಿಮ್ಮ ಸ್ಟೇಟಸ್‌ಗಳನ್ನೆಲ್ಲ ನೋಡಿದೆ. ನಿಮ್ಮ ದುಃಖ ನಿಜ, ಅನುಮಾನವಿಲ್ಲ. ಆದರೆ ಬಾಣಂತನಕ್ಕೆ ಹಗಲು ಹೊತ್ತು ಕೂರುವವರು ಬೇಕು. ನಿಮ್ಮಲ್ಲಿ ಎಷ್ಟು ಜನ ಬರುತ್ತೀರಿ ಎಂದು ತಿಳಿಯುವ ಕುತೂಹಲ ನನಗಿದೆ. ಊಟ ನನ್ನ ಮನೆಯಲ್ಲಿ. ಉಪದೇಶ ಬೇಡ.

ಮೇರಿ, ನೀನು ಉಳಿಸು ಎಂದದ್ದು ಸರಿಯೋ ತಪ್ಪೋ, ನಮ್ಮ ಜಗಳ ಮುಗಿದಿಲ್ಲ.
ಆದರೆ ಹೆರಿಗೆಯ ದಿನ ಅವಳು ಒಬ್ಬಳೇ ಇರುವುದಿಲ್ಲ. ಇದು ನನ್ನ ಮಾತು.

ನೀನು ನಂಬಿದ ಯೇಸು ನಿನ್ನನ್ನು ಹತ್ತಿರ ಕೂರಿಸಿಕೊಳ್ಳಲಿ...
ನಿಶ್ಚಿಂತೆಯಿಂದ ಮಲಗು, ತಾಯಿ.