ನೊಣಗಳ ವಾರಸುದಾರ

ಗುಡೂರಿನ ಹತ್ತಿರ ಎರಡು ಹೊಲಗಳ ನಡುವಿನ ಬದುವಿನ ಮೇಲೆ ಬೀದಿನಾಯಿಯೊಂದು ಸತ್ತುಬಿದ್ದಿತ್ತು. ಹೂಳುವವರು ಯಾರೆಂದು ಹೊಲದವರಿಬ್ಬರೂ ಜಗಳಕ್ಕೆ ನಿಂತಿದ್ದರು. ಸತ್ತ ಪ್ರಾಣಿಗೆ ಮುತ್ತುವ ಸಣ್ಣ ನೊಣಗಳ ಜಾತಿ ಗುರುತಿಸುವುದು ನನ್ನ ಕೆಲಸ. ಹಿಡಿಹಿಡಿದು ಶೀಶೆಗೆ ತುಂಬುತ್ತಿದ್ದೆ. ಬಾಯಿ ಸುಮ್ಮನಿರಲಿಲ್ಲ.

"ನೊಣದ ಕಾಲು ನೋಡಿ, ನಾಯಿ ಯಾರ ಹೊಲದಾಗ ಸತ್ತೈತಿ ಅಂತ ಹೇಳ್ತೇನಿ," ಅಂದೆ.

ಇಬ್ಬರೂ ನಂಬಿ ಪಕ್ಕದಲ್ಲೇ ಕೂತರು. ನಾನು ಭೂತಗನ್ನಡಿ ಹಿಡಿದು ಗಂಭೀರನಾದೆ. ಅಷ್ಟರಲ್ಲಿ ಒಬ್ಬ ಶೀಶೆ ಎತ್ತಿ, ನೊಣ ಹಿಡಿದವರ ಹೆಸರು ಬರೆದು ಅಂಟಿಸಿದ್ದ ಚೀಟಿ ಓದಿದ.

"ಇದು ಯಾರ ಹೆಸರ್ರಿ?"

"ನಂದು."

"ಮನಿ ಪಾತ್ರೆ-ಭಾಂಡೆ ಮ್ಯಾಲೆ ಯಾರ ಹೆಸರೈತೋ, ಭಾಂಡೆ ಅವರದು. ನೊಣ ನಿಮ್ಮವಾದ್ರ ನಾಯಿನೂ ನಿಮ್ಮದಾತಲ್ರಿ."

"ಖರೆ ಐತಿ ಬಿಡು," ಎನ್ನುತ್ತ ಇನ್ನೊಬ್ಬ ಸಲಿಕೆ ತಂದು ನನ್ನ ಕೈಗಿಟ್ಟ.

ಮೊಳಕಾಲಿನಷ್ಟು ಆಳದ ಕುಣಿ ತೋಡುವುದರಲ್ಲೇ ಸುಸ್ತಾದೆ. ಮನೆಯಲ್ಲಿ ಮಾತ್ರ, ಇಬ್ಬರ ಜಗಳ ಬಿಡಿಸಿ ಬಂದೆ ಅಂತ ಹೇಳಿದ್ದೇನೆ, ಅದೇನು ಸುಳ್ಳಲ್ಲವಲ್ಲ.