ದಾಸವಾಳದ ಕಾಯಿ

ಕೊರೊನಾ ಮುಗಿದು ಶಾಲೆಗಳು ಪೂರ್ತಿ ತೆರೆದ ವರ್ಷ. ನಾನಾಗ ಹುಬ್ಬಳ್ಳಿಯ ಕೇಶ್ವಾಪುರದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿ. ನಿವೃತ್ತಿಗೆ ಎರಡು ವರ್ಷ ಬಾಕಿ. ಮೊಬೈಲಿನಲ್ಲೇ ಪಾಠ ಕೇಳಿ ಬಂದಿದ್ದ ಎಂಟನೇ ತರಗತಿಯ ಮಕ್ಕಳಿಗೆ ಹೂವನ್ನು ಕೈಯಲ್ಲಿ ಹಿಡಿಸಿಯೇ ಕಲಿಸಬೇಕೆಂದು ಹಟ ಹಿಡಿದು, ಶಾಲೆಯ ಅಂಗಳದ ಕೆಂಪು ದಾಸವಾಳಗಳನ್ನು ಬೆಂಚಿಗೊಂದರಂತೆ ಹಂಚಿದೆ.

ಹೊರಗಿನಿಂದ ಶುರು ಮಾಡಿದೆವು. ಮೊಗ್ಗನ್ನು ಕಾಯುವ ಹಸಿರು ಪುಷ್ಪಪಾತ್ರೆ. ಕೀಟ, ಹಕ್ಕಿಗಳನ್ನು ಕರೆಯುವ ಐದು ದಳ. ನಡುವೆ ಉದ್ದಕ್ಕೆ ಚಾಚಿದ ಕೊಳವೆ, ಅದರ ಸುತ್ತ ಕೇಸರಗಳು, ಅವುಗಳ ತುದಿಯಲ್ಲಿ ಹಳದಿ ಪುಡಿ, ಅಂದರೆ ಪರಾಗ. ಕೊಳವೆಯೊಳಗಿಂದ ಹಾದು ಮೇಲೆ ಐದು ಕೆಂಪು ಚುಕ್ಕೆಗಳಾಗಿ ಕಾಣುವುದು ಶಲಾಕಾಗ್ರ. ಪರಾಗ ಬಂದು ಕೂರಬೇಕಾದ ಜಾಗ. ತಳದಲ್ಲಿ ಅಂಡಾಶಯ. ಬ್ಲೇಡಿನಿಂದ ಅಡ್ಡ ಕೊಯ್ದರೆ ಐದು ಕೋಣೆ, ಒಳಗೆ ಬೀಜವಾಗಬೇಕಾದ ಅಂಡಕಗಳು. ಈ ಅಂಡಾಶಯವೇ ಮುಂದೆ ಕಾಯಿಯಾಗುತ್ತದೆ ಎಂದು ಪಾಠ ಮುಗಿಸಿದೆ.

ಸುಳ್ಳ ಎಂಬ ಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಗಿರಿಜಾ ಎದ್ದು ನಿಂತಳು.

"ಟೀಚರ್, ನಮ್ಮ ಹಿತ್ತಲದಾಗ ದಾಸವಾಳ ಗಿಡ ಐತ್ರಿ. ಒಂದ ಸಲಾನೂ ಕಾಯಿ ಆಗಿದ್ದು ಕಂಡಿಲ್ರಿ. ಪರೀಕ್ಷಾದಾಗ ಬರದ್ರ ಮಾರ್ಕ್ಸ್ ಬರ್ತಾವ, ಅಷ್ಟ ಹೌದಲ್ರಿ?"

ತರಗತಿ ಗೊಳ್ಳೆಂದು ನಕ್ಕಿತು. ನನಗೆ ಮೈಯೆಲ್ಲ ಉರಿಯಿತು. ದಾಸವಾಳದ ಕಾಯಿಯನ್ನು ನಾನೂ ಕಂಡವಳಲ್ಲ. ಆದರೆ ಇದನ್ನು ಇಲ್ಲಿಗೇ ಬಿಟ್ಟರೆ, ವಿಜ್ಞಾನವೆಂದರೆ ಮಾರ್ಕ್ಸಿಗಾಗಿ ಬರೆಯುವ ಮಾತು ಎಂದು ಈ ಮಕ್ಕಳು ಜೀವನಪೂರ್ತಿ ನಂಬಿಬಿಡುತ್ತಾರೆ.

"ಸಾಲಿ ಸೂಟಿ ಬಿಡೋದ್ರೊಳಗ ಕಾಯಿ ತೋರಸ್ತೇನಿ," ಎಂದುಬಿಟ್ಟೆ.

ಬೆಳಗಾಗುವುದರೊಳಗೆ ಎಲ್ಲರೂ ಪೂಜೆಗೆ ಹೂ ಹರಿದರೆ ಕಾಯಿ ಎಲ್ಲಿಂದ ಬರಬೇಕು ಎಂಬುದು ನನ್ನ ಮೊದಲ ವಾದ. ಕೆಲವು ಹೂಗಳಿಗೆ ದಾರ ಕಟ್ಟಿ, ಯಾರೂ ಮುಟ್ಟಬಾರದೆಂದು ತಾಕೀತು ಮಾಡಿ, ನಾವೇ ಪರಾಗ ಸವರಿದೆವು. ಹೂಗಳು ಬಾಡಿ, ತೊಟ್ಟಿನ ಸಮೇತ ಉದುರಿದವು. ಮಕ್ಕಳ ಮನೆಗಳಿಂದ ಹೂ ತರಿಸಿ ಅವುಗಳ ಪರಾಗವನ್ನೂ ಸವರಿದ್ದಾಯಿತು. ಮತ್ತೆ ಅದೇ ಕಥೆ.

ಒಂದು ಸಂಜೆ ಪಕ್ಕದ ಮನೆಯ ಶಾಂತಕ್ಕ ಕಾಂಪೌಂಡಿನ ಆಚೆಯಿಂದ, ಮಗಳ ಮನೆಯಲ್ಲಿ ನೆಡಲು ನಮ್ಮ ದಾಸವಾಳದ ಕೊಂಬೆ ಕೇಳಿದರು. ಮುರಿದು ಕೊಡುವಾಗ ನೆನಪಾಯಿತು: ನಮ್ಮ ಗಿಡವೂ ಶಾಲೆಯ ಗಿಡದ ಕೊಂಬೆಯೇ. ಅವರೆದುರೇ ಹಣೆ ಬಡಿದುಕೊಂಡೆ. ನಮ್ಮ ಕಡೆ ದಾಸವಾಳವನ್ನು ಯಾರು ಬೀಜ ಹಾಕಿ ಬೆಳೆಸುತ್ತಾರೆ? ಕೇಳಿ ತಂದು ನೆಡುತ್ತಾರೆ. ಹಾಗೆ ನೆಟ್ಟದ್ದು ಬೇರೆ ಗಿಡವಲ್ಲ, ಅದೇ ಗಿಡದ ತುಂಡು. ಊರ ತುಂಬ ಇದ್ದದ್ದು ಒಂದೇ ಗಿಡವಿರಬೇಕು, ಅದು ತನ್ನ ಪರಾಗವನ್ನು ತಾನೇ ಒಪ್ಪುತ್ತಿಲ್ಲ!

ಮರುದಿನ ಬೆಳಿಗ್ಗೆಯೇ ರಾಯಾಪುರದ ಹತ್ತಿರದ ನರ್ಸರಿಗೆ ಹೋಗಿ ಹಳದಿ ದಾಸವಾಳದ ಹೂಗಳನ್ನು ಟಿಫಿನ್ ಡಬ್ಬಿಯಲ್ಲಿ ತಂದು, ಡಬ್ಬಿಯನ್ನು ಗಿರಿಜಾಳ ಕೈಗೇ ಕೊಟ್ಟೆ. ಅವಳು ಉಸಿರು ಬಿಗಿಹಿಡಿದು ಹಳದಿ ಹೂವಿನ ಪರಾಗವನ್ನು ಕೆಂಪು ಹೂಗಳ ಶಲಾಕಾಗ್ರಕ್ಕೆ ಸವರಿದಳು. ಹೆಚ್ಚಿನವು ಉದುರಿದವು. ಒಂದು ಉಳಿಯಿತು. ದಳಗಳು ಬಿದ್ದ ಮೇಲೂ ಪುಷ್ಪಪಾತ್ರೆಯೊಳಗೆ ಹಸಿರು ಗಂಟೊಂದು ದಿನದಿನಕ್ಕೆ ಉಬ್ಬಿತು.

ಬೇಸಿಗೆ ಸೂಟಿಗೆ ಮುಂಚೆ ಕಾಯಿ ಒಣಗಿ, ಐದು ಹೋಳಾಗಿ ಬಿರಿಯಿತು. ಒಳಗೆ ಬೀಜ! ಮಕ್ಕಳು ಬೆಂಚು ಬಡಿದ ಸದ್ದಿಗೆ ಹೆಡ್‌ಮಾಸ್ತರರು ಗದರಿಸಲು ಓಡಿಬಂದರು. ಕಾಯಿ ನೋಡಿ ತಾವೂ ನಿಂತುಬಿಟ್ಟರು. ಅಷ್ಟು ವರ್ಷದ ನೌಕರಿಯಲ್ಲಿ ಅಂಥ ಖುಷಿ ನನಗೆ ಮತ್ತೊಂದಿಲ್ಲ. ಬೀಜಗಳನ್ನು ಗಿರಿಜಾಳಿಗೇ ಕೊಟ್ಟೆ.

ನನ್ನ ಬೀಳ್ಕೊಡುಗೆಯ ದಿನ, ಆಗ ಹತ್ತನೇ ತರಗತಿಯಲ್ಲಿದ್ದ ಗಿರಿಜಾ ಒಂದು ಹೂ ತಂದಳು. ಕೆಂಪಲ್ಲ, ಹಳದಿಯಲ್ಲ, ಕಿತ್ತಳೆ ಬಣ್ಣದ ದಳ, ನಡುವೆ ಕಡುಗೆಂಪು. ಅವಳು ಹಾಕಿದ ಬೀಜದ ಗಿಡದ್ದು. ಮಗು ನಂಬದಿದ್ದರೆ ಗದರಿಸಬಾರದು, ಗಿಡದ ಹತ್ತಿರ ಕರೆದೊಯ್ಯಬೇಕು ಎಂದು ನನ್ನ ವೃತ್ತಿ ಕಲಿಸಿದ್ದು ಆ ಹೂವಿನ ರೂಪದಲ್ಲಿ ಕೈಗೆ ಬಂದಿತ್ತು. ಆದರೂ ಹಳೆಯ ಚಟ, ನನಗೂ ಒಂದು ಕೊಂಬೆ ಬೇಕೆಂದು ಕೇಳಿದೆ.

"ಕೊಂಬಿ ಕೊಡಂಗಿಲ್ರಿ ಟೀಚರ್," ಎಂದು ನಕ್ಕಳು. "ಬೀಜ ಆಗೂತನಾ ತಡೀರಿ."